ಜಾಜು ಹಚ್ಚಿದ ಎದೆ

ನನ್ನ ಗಂಡ ಮನೆಗೆ ಬರುವ ಮುಂಚೆ ಅವರ ವಾಸನೆ ಬರುತ್ತಿತ್ತು. ಮಾನ್ವಿಯಿಂದ ಸ್ವಲ್ಪ ದೂರ, ಕಾಲುವೆಯ ಬದಿಯ ಹಳ್ಳಿ ನಮ್ಮದು. ಸಂಜೆ, ದಂಡೆಯ ಜಾಲಿಗಿಡಗಳ ಆಚೆ ಬಿಸಿಲು ಹಳದಿಯಾಗಿ ನಿಂತಿರುವಾಗ, ಬೆನ್ನಿಗೆ ಪಂಪು ಕಟ್ಟಿಕೊಂಡು ಅವರು ಬರುತ್ತಿದ್ದರು. ಕಾಲು ನೆಲಕ್ಕೆ ತಾಗದೆ ಧೂಳಿನ ಮೇಲೆ ತೇಲಿ ಬಂದಂತೆ ಕಾಣುತ್ತಿತ್ತು. ಆ ವಾಸನೆಗೆ ಹೆಸರು ಹುಡುಕಿ ಹುಡುಕಿ ಸೋತಿದ್ದೇನೆ. ಸೀಮೆಎಣ್ಣೆಯೂ ಅಲ್ಲ, ಕೊಳೆತ ಬೆಳ್ಳುಳ್ಳಿಯೂ ಅಲ್ಲ, ಎರಡರ ನಡುವೆ ಸಿಹಿಯಾದದ್ದೇನೋ. ನಾನು ಹೊಸದಾಗಿ ಬಂದ ಸೊಸೆ. ಗಂಡನ ವಾಸನೆ ಎಂದರೆ ಇದೇ ಇರಬೇಕೆಂದು ತಿಳಿದು ಅದನ್ನೇ ಪ್ರೀತಿಸಿದೆ. ನಗುವವರು ನಗಲಿ.

ಎಪ್ಪತ್ತರ ದಶಕದ ಮಾತು. ಕಾಲುವೆ ನೀರು ಹರಿದು, ಆಂಧ್ರದಿಂದ ಬಂದ ರೈತರು ಕ್ಯಾಂಪು ಹಾಕಿಕೊಂಡು ಭತ್ತ, ಹತ್ತಿ ಬೆಳೆಯತೊಡಗಿದ್ದರು. ನಮ್ಮದು ಕುರಿ ಸಾಕುವ ಮನೆತನ. ನನ್ನ ತಾಯಿಯ ಅಣ್ಣನೇ ನನಗೆ ಮಾವ, ಅವನ ಮಗನೇ ಗಂಡ. ಮಾವ ಕುರಿ ಹಿಂದೆ ಹೋದರೆ, ಮಗ ಕುರಿ ಬಿಟ್ಟು ಪಂಪು ಹಿಡಿದಿದ್ದರು. ಕ್ಯಾಂಪಿನ ಹತ್ತಿಗೆ ಎಣ್ಣೆ ಹೊಡೆಯುವ ಕೆಲಸ. ನಮ್ಮ ಕಡೆ ಹುಳದ ಔಷಧಿಗೆ ಎಣ್ಣೆ ಎಂದೇ ಹೆಸರು. ಡ್ರಮ್ಮಿಗೆ ನೀರು ತುಂಬಿ, ಡಬ್ಬಿಯ ಎಣ್ಣೆ ಸುರಿದು, ಮೊಣಕೈವರೆಗೆ ಕೈ ಅದ್ದಿ ಕಲಸುತ್ತಿದ್ದರು. ಪಂಪು ಸೋರಿ ಬೆನ್ನಿನಿಂದ ತೊಡೆಯವರೆಗೆ ತೊಯ್ದಿರುತ್ತಿತ್ತು.

"ಕೋಲಿಲೆ ಕಲಸಬಾರದೇನ್ರಿ?" ಎಂದು ಒಮ್ಮೆ ಕೇಳಿದೆ.

"ಕೈಗಿ ತಿಳದಂಗ ಕೋಲಿಗಿ ತಿಳೀತದೇನು?" ಎಂದರು. ಆ ಕೆಲಸದಲ್ಲಿ ಅವರಿಗೆ ಬಹಳ ಹೆಮ್ಮೆಯಿತ್ತು.

ಮದುವೆಯಾಗಿ ನಾಲ್ಕು ಪಂಚಮಿ ಕಳೆದರೂ ನನ್ನ ಉಡಿ ತುಂಬಲಿಲ್ಲ. ಮೊದಲ ವರ್ಷ ಕೇಳಿದವರೆಲ್ಲ ನಗುತ್ತಾ ಕೇಳಿದರು, ಎರಡನೇ ವರ್ಷ ಸುಮ್ಮನೆ ಕೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಕೇಳದೆ ನೋಡುವ ನೋಟ ಇನ್ನೂ ಕೆಟ್ಟದ್ದು. ಅತ್ತೆ ನನಗೆ ಕುಡಿಸದ ಕಷಾಯವಿಲ್ಲ, ಸುತ್ತಿಸದ ಗಿಡವಿಲ್ಲ. ಕೊನೆಗೆ ರಾಯಚೂರಿನ ದೊಡ್ಡ ಆಸ್ಪತ್ರೆಗೂ ಕರೆದುಕೊಂಡು ಹೋದಳು. ಲೇಡಿ ಡಾಕ್ಟರು ನೋಡಿ, "ಈಕಿಗೆ ಏನೂ ತೊಂದ್ರಿ ಇಲ್ಲಮ್ಮಾ, ಮುಂದಿನ ಸಲ ಗಂಡನ್ನ ಕರಕೊಂಡು ಬರ್ರಿ" ಎಂದರು. ಅತ್ತೆ ಅಲ್ಲಿ ತಲೆಯಾಡಿಸಿದಳು. ಬಸ್ಸು ಹತ್ತಿದ ಮೇಲೆ, "ಗಂಡಸಿಗಿ ಏನ ನೋಡ್ತಾಳಂತ ಆಕಿ?" ಎಂದು ಊರು ಬರುವ ತನಕ ಗೊಣಗಿದಳು. ನಾನು ಕಿಟಕಿಯ ಆಚೆ ಭತ್ತದ ಗದ್ದೆಯಲ್ಲಿ ಮುರಿದು ಮುರಿದು ಕಾಣುತ್ತಿದ್ದ ಆಕಾಶವನ್ನು ನೋಡುತ್ತಾ ಕುಳಿತಿದ್ದೆ. ಮನೆಯಲ್ಲಿ ಡಾಕ್ಟರ ಮಾತನ್ನು ಯಾರೂ ಎತ್ತಲಿಲ್ಲ.

ಮಾತು ಎತ್ತಿದ್ದು ಕುರಿಗಳು.

ನಮ್ಮ ಮಾವನದೊಂದು ಪದ್ಧತಿ. ಹಿಂಡಿಗೆ ಟಗರು ಬಿಡುವ ಕಾಲಕ್ಕೆ, ಗೋಡೆಗೆ ಬಳಿಯುವ ಜಾಜನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಹಚ್ಚುತ್ತಿದ್ದ. ಟಗರು ಯಾವ ಕುರಿಯನ್ನು ಏರಿತೋ ಅದರ ಬೆನ್ನಿಗೆ ಆ ಕೆಂಪು ಮಣ್ಣು ಅಂಟುತ್ತಿತ್ತು. ಗಬ್ಬಾದ ಕುರಿ ಮತ್ತೆ ಟಗರಿಗೆ ನಿಲ್ಲುವುದಿಲ್ಲ, ಹಾಗಾಗಿ ಹಳೆಯ ಕೆಂಪು ಮಾಸಿ ಹೊಸದು ಅಂಟದಿದ್ದರೆ ಕೆಲಸ ಆಯಿತೆಂದು ಲೆಕ್ಕ. ಆ ವರ್ಷ ಬೇಸಿಗೆಯಲ್ಲಿ ಹಿಂಡನ್ನು ಕ್ಯಾಂಪಿನ ಹತ್ತಿ ಹೊಲಗಳಲ್ಲಿ ಗೊಬ್ಬರಕ್ಕೆಂದು ತರುಬಿದ್ದರು. ಹತ್ತಿ ಬಿಡಿಸಿದ ಗಿಡದ ಎಲೆಯೇ ಮೇವು. ಕೆಲವು ಕುರಿ ಬಾಯಲ್ಲಿ ನೊರೆ ಬಂದು ಬಿದ್ದವು. ನಮ್ಮ ಕರಿ ಟಗರೂ ಬಿತ್ತು, ಮತ್ತೆ ಎದ್ದಿತು. ಎದ್ದ ಮೇಲೆ ಮೊದಲಿನ ಹಾಗೇ ಕೊಂಬು ಆಡಿಸುತ್ತಾ ತಿರುಗಿತು, ನೋಡಿದವರು ಕಣ್ಣು ಹಾಕುವಂತಿತ್ತು. ಆದರೆ ಮಳೆಗಾಲ ಹಿಡಿಯುವ ತನಕ ಅವೇ ಕುರಿಗಳ ಬೆನ್ನು ಮತ್ತೆ ಮತ್ತೆ ಕೆಂಪಾದವು. ಒಂದೂ ಗಬ್ಬ ನಿಲ್ಲಲಿಲ್ಲ.

ಮಾವ ಕುರಿಗಳನ್ನು ಬೈಯಲಿಲ್ಲ. ಟಗರನ್ನು ಬೇರೆ ಕಟ್ಟಿದ. ಹತ್ತಿಯ ಕಡೆ ಸುಳಿಯಗೊಡದೆ, ನೆಗ್ಗಿಲು ಮುಳ್ಳಿನ ಗಿಡ, ಹಿರೇಮದ್ದಿನ ಬೇರು ಜಜ್ಜಿ ಹಿಟ್ಟಿನುಂಡೆಯಲ್ಲಿಟ್ಟು ತಿನ್ನಿಸತೊಡಗಿದ. ಗಂಡು ಪ್ರಾಣಿಯ ಬಲಕ್ಕೆ ಅದು ಹಿರಿಯರಿಂದ ಬಂದ ಔಷಧಿ. ಒಂದು ಸಂಜೆ ಹಾಗೆ ತಿನ್ನಿಸುತ್ತಿರುವಾಗ, ಕಾಲುವೆ ಕಡೆಯಿಂದ ಮಗನ ವಾಸನೆ ಮುಂಚೆ ಬಂತು, ಆಮೇಲೆ ಮಗ. ಮಾವನ ಕೈ ಟಗರಿನ ಬಾಯಲ್ಲಿ ಹಾಗೇ ನಿಂತಿತು. ಅವನು ಮಗನನ್ನು ನೋಡಿದ, ಟಗರನ್ನು ನೋಡಿದ, ನನ್ನ ಕಡೆ ಮಾತ್ರ ನೋಡಲಿಲ್ಲ. ಆದರೂ ಅವನ ಮನಸ್ಸಿನಲ್ಲಿ ಏನು ಹಾದುಹೋಯಿತೆಂದು ನನಗೆ ತಿಳಿದುಬಿಟ್ಟಿತು.

ಮರುದಿನದಿಂದಲೇ ನಾನು ಕಳ್ಳ ವೈದ್ಯೆಯಾದೆ. ನೆಗ್ಗಿಲು ಹುಡುಕಲು ದೂರ ಹೋಗುವುದೇಕೆ? ಕಾಲುವೆ ಬದಿಯ ಹತ್ತಿ ಹೊಲದ ಬದುವಿನ ಮೇಲೆ ಹಸಿರು ಉಕ್ಕುತ್ತಿತ್ತು. ಹಳದಿ ಹೂ, ದಪ್ಪ ದಪ್ಪ ಕಾಯಿ. ಉಡಿ ತುಂಬ ಕಿತ್ತು ತಂದು, ಒಣಗಿಸಿ, ಕುಟ್ಟಿ, ಗಂಡನ ಪುಂಡಿಪಲ್ಲೆಯಲ್ಲಿ ಬೆರೆಸಿದೆ. ಪುಂಡಿಯ ಹುಳಿಯಲ್ಲಿ ಏನು ಬೆರೆಸಿದರೂ ಗೊತ್ತಾಗುವುದಿಲ್ಲ. ನುಗ್ಗೆಹೂವಿನ ಪಲ್ಲೆ, ಎಳ್ಳಿನ ಹಿಂಡಿ ಬೇರೆ. "ಏನ ಬೇ, ದಿನಾ ಹಬ್ಬ ಮಾಡಾಕತ್ತಿ?" ಎಂದು ಅವರು ಬಾಯಿ ಚಪ್ಪರಿಸುತ್ತಿದ್ದರು. ನಾನು ಮಧ್ಯಾಹ್ನ ಮಲಗಿ ಕನಸು ಕಾಣುತ್ತಿದ್ದೆ. ಕನಸಿನಲ್ಲಿ ಹತ್ತಿ ಒಡೆದು, ಪ್ರತಿ ಕಾಯಿಯೊಳಗೂ ಒಂದು ಮಗು ಕಣ್ಣುಮುಚ್ಚಿ ಮಲಗಿರುತ್ತಿತ್ತು.

ನನ್ನ ಒರಳಿನ ಸದ್ದು ಮಾವನಿಗೆ ಕೇಳಿಸಿತು. ಬಂದು ಒಂದು ಚಿಟಿಕೆ ಪುಡಿ ನಾಲಿಗೆಗೆ ಹಚ್ಚಿಕೊಂಡವನೇ ಥೂ ಎಂದು ಉಗಿದ.

"ಎಲ್ಲಿ ಕಿತ್ತಿ ಯವ್ವಾ ಇದನ್ನ?"

"ಕಾಲುವಿ ಬದುವಿನ ಮ್ಯಾಲ ಮಾವಾ. ಭಾಳ ಚಲೋ ಬೆಳದಿತ್ತು."

"ಆ ಬದುವಿಗಿ ನಿನ್ನ ಗಂಡನೇ ಎಣ್ಣಿ ಹೊಡದಾನ. ಗಿಡನೂ ಅದನ್ನ ಕುಡದದ. ನೀ ಮತ್ತ ಅವಗ ಅದನ್ನ ಉಣಸಾಕತ್ತೀದಿ!"

ನಾನು ಒನಕೆ ಬದಿಗಿಟ್ಟೆ. ಕುರಿಗಾರರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಗಿಡ ಯಾವುದು ಎನ್ನುವುದಕ್ಕಿಂತ ಯಾವ ನೆಲದ್ದು ಎಂದು ಮೊದಲು ಕೇಳಬೇಕೆಂದು ಹಾಲು ಕುಡಿಯುವಾಗಲೇ ಕಲಿತಿದ್ದೆ. ಹಸಿರು ಕಂಡು ಮರುಳಾದೆ. ಪುಡಿಯನ್ನೆಲ್ಲ ತಿಪ್ಪೆಗೆ ಸುರಿದು ಬಂದು, ಒಲೆಯ ಮುಂದೆ ಕುಳಿತು ಕಣ್ಣೀರು ಹಾಕಿದೆ.

ಪಂಚಮಿಯ ಹಿಂದಿನ ದಿನ ಅತ್ತೆ ಮಾತು ಬಿಚ್ಚಿದಳು. ನಾವಿಬ್ಬರೂ ಶೇಂಗಾದ ಉಂಡೆ ಕಟ್ಟುತ್ತಿದ್ದೆವು. ಗಂಡ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು.

"ಉಗಾದಿ ಆದಮ್ಯಾಲ ನಮ್ಮಣ್ಣನ ಮಗಳನ್ನ ಮನಿಗಿ ತರೂದು ಅಂತ ಮಾಡೀನಿ. ನೀನೂ ಇರವ್ವಾ, ನಿನಗ ಯಾರ ಹೋಗಂತಾರ? ಅಕ್ಕತಂಗ್ಯಾರಂಗ ಇರ್ರಿ."

ಗಂಡನ ಕಡೆ ನೋಡಿದೆ. ಅವರು ತಂಬಿಗೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಬೇವಿನ ಕೆಳಗಿನ ಹೊರಸಿನ ಮೇಲೆ ಹೋಗಿ ಮಲಗಿದರು. ಮಾವ ಮಾತ್ರ ಕುರಿಹಟ್ಟಿಯಿಂದಲೇ ಕೂಗಿದ: "ಟಗರು ಕೆಟ್ಟರ ಕುರಿ ಮಾರತಾರೇನು? ಮಂದಿ ನಗತಾರ." ಅತ್ತೆ ಕೇಳಿಸದವಳಂತೆ ಇನ್ನೊಂದು ಉಂಡೆ ಕಟ್ಟಿದಳು.

ನನ್ನ ಸಿಟ್ಟು ಅತ್ತೆಯ ಮೇಲಿರಲಿಲ್ಲ. ಸವತಿ ಬಂದರೆ ಒಂದು ಕಾಲಕ್ಕೆ ಅವಳ ಜೊತೆಗೂ ಹೊಂದಿಕೊಂಡೇನು. ಆದರೆ ಆಕೆಯನ್ನೂ ನಾಲ್ಕು ವರ್ಷ ಬಂಜೆ ಎನ್ನುವರಲ್ಲ, ಆಮೇಲೆ ಮೂರನೆಯವಳನ್ನು ಹುಡುಕುವರಲ್ಲ, ಇವರು ಹೀಗೇ ನೀರು ಕುಡಿದು ಮಲಗುವರಲ್ಲ! ಶ್ರಾವಣದ ಮೋಡ ಮುಸುಕಿದ ಮಧ್ಯಾಹ್ನ. ಗಾಳಿಯಿಲ್ಲ, ಎಲೆ ಅಲುಗದು, ಇಡೀ ಊರು ನಿದ್ದೆಯಲ್ಲಿತ್ತು. ನಾನೂ ಅರೆನಿದ್ದೆಯಲ್ಲೇ ನಡೆದೆನೋ ಏನೋ. ಹಟ್ಟಿಯ ಗೂಡಿನಲ್ಲಿ ಮಾವನ ಜಾಜಿನ ಪರಟೆ ಇತ್ತು. ತೆಗೆದುಕೊಂಡು ಬಂದು, ಮಲಗಿದ್ದ ಗಂಡನ ಬರಿ ಎದೆಗೆ ಎರಡೂ ಕೈಯಿಂದ ಬಳಿದೆ. ಕುತ್ತಿಗೆಯಿಂದ ಹೊಟ್ಟೆಯವರೆಗೆ, ಒಂದು ಕೂದಲೂ ಬಿಡದಂತೆ.

ಎಚ್ಚರಾಗಿ ಎದೆ ನೋಡಿಕೊಂಡು ಹೌಹಾರಿದರು. ರಕ್ತವೆಂದು ತಿಳಿದರು ಪಾಪ. ಅತ್ತೆ ಬಂದು ಬಾಯಿ ಬಡಿದುಕೊಂಡಳು. "ಟಗರಿಗಿ ಬಳದಂಗ ಬಳದಾಳಲ್ಲೋ, ಇವಳಿಗಿ ದೆವ್ವ ಬಡದದ!" ಮಾವ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಮಗನ ಮುಖ ನೋಡಿ ಸುಮ್ಮನಾದ. ನನಗೆ ಒಂದೇಟು ಬೀಳುತ್ತದೆಂದು ಕಾದು ನಿಂತಿದ್ದೆ. ಬೀಳಲಿಲ್ಲ. ಅವರು ಕಾಲುವೆಗೆ ಹೋಗಿ, ಕತ್ತಲಾಗುವ ತನಕ ಕಲ್ಲಿನಿಂದ ಎದೆ ತಿಕ್ಕಿದರು. ಕುಸುಬಿ ಎಣ್ಣೆಯಲ್ಲಿ ಕಲಸಿದ ಜಾಜು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಬ್ಬ ಕಳೆದರೂ ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡೇ ತಿರುಗಿದರು. ಕ್ಯಾಂಪಿನ ಕೆಲಸಕ್ಕೂ ಹೋಗಲಿಲ್ಲ.

ಹಬ್ಬದ ಮರುದಿನವೋ ಆಚೆ ದಿನವೋ, ಒಲೆಯ ಹತ್ತಿರ ಬಂದು ಕುಳಿತರು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆಗೆ ಒಂದು ಕಟ್ಟಿಗೆ ನೂಕಿದರು.

"ನನಗ ಅಂಜಿಕಿ ಆಗ್ಯಾದ ಬೇ," ಎಂದರು. "ಖರೇನ ನನ್ನಾಗ ಏನರ ಕೆಟ್ಟಿದ್ರ?"

ನಾಲ್ಕು ವರ್ಷದಲ್ಲಿ ಗಂಡನ ಬಾಯಿಂದ ನನ್ನ ಪಕ್ಕಕ್ಕೆ ಬಂದು ನಿಂತ ಮೊದಲ ಮಾತು ಅದು. ರೊಟ್ಟಿ ಹಂಚಿನ ಮೇಲೆ ಸುಟ್ಟು ಹೊಗೆಯಾಯಿತು. ನಾನು ಅಳುತ್ತಿದ್ದೆ, ಅವರು ಹೊಗೆಯಿಂದ ಎಂಬಂತೆ ಕಣ್ಣು ಒರೆಸಿಕೊಂಡರು.

ಆಮೇಲಿನದು ಮಾವನ ಅಪ್ಪಣೆ. ಟಗರಿಗೆ ಏನೋ ಮಗನಿಗೂ ಅದೇ, ಟಗರು ಸುಧಾರಿಸಿದರೆ ಮಗನೂ ಸುಧಾರಿಸುತ್ತಾನೆಂದು ಅವನ ಲೆಕ್ಕ. ಪಂಪು ಕ್ಯಾಂಪಿಗೆ ವಾಪಸು ಹೋಯಿತು. ಅಪ್ಪ ಮಗ ಇಬ್ಬರೂ ಹಿಂಡು ಹೊಡೆದುಕೊಂಡು, ಕಾಲುವೆ ನೀರು ಮುಟ್ಟದ ಒಣ ಸೀಮೆಗೆ, ಅರಕೇರಾದ ಹತ್ತಿರದ ನನ್ನ ತವರಿನ ಹೊಲಗಳಿಗೆ ಹೊರಟರು. ಅಲ್ಲಿ ಜೋಳ, ತೊಗರಿ ಬಿಟ್ಟರೆ ಬೇರೆ ಇಲ್ಲ, ಎಣ್ಣೆಯ ಡಬ್ಬಿ ಆ ಕಡೆ ಇನ್ನೂ ಕಾಲಿಟ್ಟಿರಲಿಲ್ಲ. ಅತ್ತೆ ಉಗಾದಿಯ ಗಡುವು ಬಿಡಲಿಲ್ಲ. "ಅಲ್ಲಿತನ ನೋಡ್ತೀನಿ, ಆಮ್ಯಾಲ ನನ್ನ ಮಾತು ನಡೀತದ" ಎಂದಳು.

ದೀಪಾವಳಿ ಕಳೆದು ನಾನು ತವರಿಗೆ ಹೊರಟೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಗಂಡ ಬರುವ ದಾರಿಯ ಕಡೆ ಮುಖ ಮಾಡಿ ನಿಂತೆ. ಸಂತೆಗೆ ಬಂದ ಜನ, ಮೆಣಸಿನಕಾಯಿ ಚೀಲ, ದುಡಿಯಲು ದೂರದೂರಿಗೆ ಹೊರಟವರ ಗಂಟುಮೂಟೆ. ಅವರಿನ್ನೂ ಬರಲಿಲ್ಲವಲ್ಲ ಎಂದು ಬೇಸರವಾಗಿ ಗಂಟಿನ ಮೇಲೆ ಕುಳಿತೆ.

"ಎಷ್ಟೊತ್ತು ಹಿಂಗ ಕೂಡ್ತಿ?" ಬೆನ್ನ ಹಿಂದಿನಿಂದಲೇ ಮಾತು ಬಂತು. ನಾನು ಇಳಿದಾಗಿನಿಂದ ಅಲ್ಲೇ ನಿಂತಿದ್ದರಂತೆ.

ನನಗೆ ಗೊತ್ತೇ ಆಗಿರಲಿಲ್ಲ. ವಾಸನೆ ಬರಲಿಲ್ಲ! ನಾಚಿಕೆ ಬಿಟ್ಟು, ಅಷ್ಟು ಜನರ ನಡುವೆ, ಅವರ ಹೆಗಲ ಹತ್ತಿರ ಮೂಗು ತಂದೆ. ಕಂಬಳಿ, ಕುರಿಹಾಲು, ಹುತ್ತದ ಮಣ್ಣು. ಮಾವ ದಿನಾ ಹುತ್ತದ ಮಣ್ಣು ಮೈಗೆ ತಿಕ್ಕಿ ಸ್ನಾನ ಮಾಡಿಸುತ್ತಿದ್ದನಂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ನಿಜವಾದ ವಾಸನೆ ನನಗೆ ಸಿಕ್ಕಿದ್ದು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ.

ಆ ಚಳಿಗಾಲದ ಬೆಳಗುಗಳು ನಡೆದವೋ ನಾನು ಕಂಡ ಕನಸೋ ಎಂದು ಈಗಲೂ ಅನುಮಾನ ಬರುತ್ತದೆ. ಒಣಗಿದ ನೆಗ್ಗಿಲು ಕಾಯಿಯನ್ನು ಕೈಯಿಂದ ಆರಿಸಿದರೆ ಬೆರಳು ಉಳಿಯುವುದಿಲ್ಲ. ನಮ್ಮ ತವರಿನ ಕ್ರಮವೇ ಬೇರೆ. ಹಳೆಯ ಕಂಬಳಿಯೊಂದನ್ನು ಬೀಳು ಹೊಲದ ಮೇಲೆ ಹಾಸಿ, ಇಬ್ಬರು ಎರಡು ತುದಿ ಹಿಡಿದು ಎಳೆದುಕೊಂಡು ನಡೆಯುವುದು. ಮುಳ್ಳುಕಾಯಿಗಳು ತಾವಾಗಿ ಉಣ್ಣೆಗೆ ಹತ್ತಿಕೊಳ್ಳುತ್ತವೆ. ಒಂದು ತುದಿ ಅವರು, ಒಂದು ತುದಿ ನಾನು. ಮಂಜಿನಲ್ಲಿ ತೊಗರಿ ಸಾಲುಗಳು ಮುಗಿಯುವುದೇ ಕಾಣುತ್ತಿರಲಿಲ್ಲ. ಹಿಂದೆ ಕಂಬಳಿ ಸರಸರ ಸದ್ದು ಮಾಡುತ್ತಿತ್ತು, ಎಲ್ಲೋ ಕುರಿಯ ಕೊರಳ ಗಂಟೆ. ಹೊತ್ತು ಮೇಲೆ ಬಂದಾಗ ಕಂಬಳಿ ತಿರುವಿ ಹಾಕಿ, ಕೋಲಿನಿಂದ ಬಡಿದು, ಕಾಯಿ ಉದುರಿಸುತ್ತಿದ್ದೆವು. ನನ್ನ ಅವ್ವ ಅದನ್ನು ಆಡಿನ ಹಾಲಿನಲ್ಲಿ ಕುದಿಸಿ, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದಳು. ನಸುಕಿನಲ್ಲಿ ಆ ಪುಡಿಯನ್ನೂ ಹಿರೇಮದ್ದಿನ ಬೇರನ್ನೂ ಹಾಕಿ ಹಾಲು ಕಾಸಿ, ನಾನು ಲೋಟ ಹಿಡಿದುಕೊಂಡು ಅವರ ಮುಂದೆ ನಿಲ್ಲುತ್ತಿದ್ದೆ. ಬೇರಿಗೆ ಕುದುರೆ ಬೆವರಿನ ನಾತ. ಮುಖ ಕಿವುಚಿಕೊಂಡು ಕುಡಿದು ಲೋಟ ಬೋರಲು ಹಾಕಿ ತೋರಿಸುತ್ತಿದ್ದರು.

ಉಗಾದಿ ಹತ್ತಿರ ಬಂದಾಗ ಕುರಿಗಳು ಮರಿ ಹಾಕಿದವು. ಮಾವ ಊರೆಲ್ಲ ಕೇಳುವಂತೆ ಸಾರಿದ: "ಟಗರು ಸುಧಾರಿಸ್ಯಾದ! ನೋಡ್ರಿ, ಟಗರು ಸುಧಾರಿಸ್ಯಾದ!" ಮಾನ್ವಿ ಕಡೆಯ ನಮ್ಮ ಹಳ್ಳಿಯಿಂದ ಅತ್ತೆಯನ್ನು ಕರೆಸಿಕೊಂಡ. ನಾನು ಹಟ್ಟಿಗೆ ಓಡಿಹೋಗಿ ಮರಿ ಎತ್ತಿಕೊಂಡೆ, ಎತ್ತಿಕೊಂಡವಳು ಹಾಗೇ ನಿಂತೆ.

ಮರಿಯ ಹಣೆ ಬಿಳಿ. ಇನ್ನೊಂದರ ಹಣೆಯೂ ಬಿಳಿ. ನಮ್ಮ ಟಗರು ಉಗುರಿನಿಂದ ಕೊಂಬಿನ ತನಕ ಕರಿ, ನಮ್ಮ ಕುರಿಗಳೂ ಕರಿ. ಬಿಳಿ ಹಣೆ ಇದ್ದದ್ದು ನಮ್ಮಪ್ಪನ ಟಗರಿಗೆ. ಅಪ್ಪನ ಕಡೆ ನೋಡಿದೆ. ಅಪ್ಪ ಅಂಗೈಯ ತಂಬಾಕು ತಿಕ್ಕುತ್ತಾ ಆಕಾಶ ನೋಡುತ್ತಿದ್ದ. ಮಾವನ ಕಡೆ ನೋಡಿದೆ. ಅವನು ಇನ್ನೂ ಜೋರಾಗಿ ಕೂಗಿದ. ನಮ್ಮ ಕರಿ ಟಗರು ಗೂಟದಲ್ಲಿ ಕಣಿಕಿ ಮೆಲ್ಲುತ್ತಾ, ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ನಿಂತಿತ್ತು. ಇಷ್ಟು ತಿಂಗಳ ಮುಳ್ಳು, ಹಾಲು, ಬೇರು ಎಲ್ಲವೂ ಸುಳ್ಳೇ? ಆದರೂ ಬಾಯಿ ಬಿಗಿಹಿಡಿದು ನಿಂತೆ. ಗಂಡನಿಗೆ ತಿಳಿಯಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅತ್ತೆ ಬಂದಳು. ಒಂದು ಮರಿಯನ್ನು ಮಡಿಲಿಗೆ ಹಾಕಿಕೊಂಡು ಸೆರಗಿನ ತುದಿಯಿಂದ ಅದರ ಹಣೆ ಒರೆಸಿದಳು. ಮತ್ತೊಮ್ಮೆ ಒರೆಸಿದಳು.

"ಆತು," ಎಂದಳು. "ನಮ್ಮಣ್ಣಗ ಹೇಳಿ ಕಳಸ್ತೀನಿ. ಹುಡಿಗಿಗಿ ಬ್ಯಾರೆ ಕಡೆ ನೋಡಲಿ."

ಮುಂದಿನ ವರ್ಷ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಗಿಡದಿಂದಲೋ, ಎಣ್ಣೆ ಬಿಟ್ಟದ್ದರಿಂದಲೋ, ಅರಕೇರಾದ ಒಣಗಾಳಿಯಿಂದಲೋ, ನನಗೆ ತಿಳಿಯದು. ತಿಳಿದವಳಂತೆ ಹೇಳಿ ಇನ್ನೊಬ್ಬಳ ಗಂಡನಿಗೆ ಹಾಲು ಕಾಸಿಕೊಡಲಾರೆ. ಪಂಪು ಕಸಿದುಕೊಳ್ಳಿ ಎಂದು ಮಾತ್ರ ಹೇಳಿಯೇನು.

ಎಂಬತ್ತರ ದಶಕದಲ್ಲಿ ನಾವು ರಾಯಚೂರಿಗೆ ಬಂದೆವು. ಅವರಿಗೆ ಅಕ್ಕಿ ಗಿರಣಿಯಲ್ಲಿ ಕಾವಲು ಕೆಲಸ, ನನಗೆ ಅಂಗನವಾಡಿ. ಮಾವನೂ ಅತ್ತೆಯೂ ಆಗ ಇರಲಿಲ್ಲ. ಸ್ಟೇಷನ್ನಿನ ಹತ್ತಿರದ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಂದು ಸಂಜೆ ಹಳೆಯ ಕಂಬಳಿ ಹಾಸಿದ್ದೆ. ಮಗಳು ಓಡಿಬಂದು ಅದರ ಮೇಲೆ ಕಾಲಿಟ್ಟವಳೇ ಚೀರಿದಳು. ಅಷ್ಟು ವರ್ಷದ ನೆಗ್ಗಿಲು ಮುಳ್ಳೊಂದು ನೇಯ್ಗೆಯೊಳಗೆ ಉಳಿದಿತ್ತು. ಅವರು ಅವಳ ಕಾಲು ಮಡಿಲಲ್ಲಿಟ್ಟುಕೊಂಡು ಮುಳ್ಳು ತೆಗೆದರು. ಅವಳು ಕುಂಟುತ್ತಾ ಕೆಳಗೆ ಆಡಲು ಹೋದಳು. ಅವರು ಆ ಮುಳ್ಳನ್ನು ಅಂಗೈಯಲ್ಲಿ ಹೊರಳಿಸುತ್ತಾ ತಾವಾಗಿಯೇ ಹೇಳಿದರು:

"ಆ ಮರಿಗಳ ಹಣಿ ಬಿಳೀ ಇದ್ದವು."

"ನಿಮಗ ಗೊತ್ತಿತ್ತೇನ್ರಿ?" ಎಂದೆ.

"ಕುರಿಗಾರನ ಮಗ ಅಲ್ಲೇನು ನಾನು? ಹಿಂಡಿಗಿ ನಿಮ್ಮಪ್ಪನ ಟಗರು ಬಿಟ್ಟ ದಿನಾನ ಗೊತ್ತಿತ್ತು."

"ಅತ್ತಿ ಒಬ್ಬಾಕಿ ನಂಬಿದ್ಲು, ಪಾಪ."

ಅವರು ನಕ್ಕರು. "ಅವ್ವ ಮರಿ ಹಣಿ ಯಾಕ ಒರೆಸಿದ್ಲು ಅಂತ ತಿಳದಿ? ಸುಣ್ಣ ಬಳದಾರೇನು ಅಂತ ನೋಡಿದ್ಲು. ಸುಣ್ಣ ಇರಲಿಲ್ಲ. ಅಷ್ಟಕ್ಕ ಆಕಿಗಿ ಮರಿ ನಮ್ಮ ಟಗರಿನವಲ್ಲ ಅಂತ ತಿಳೀತು."

ಕೆಳಗೆ ಗಾಡಿಯೊಂದು ಬಂದು ನಿಂತ ಸದ್ದು. ನಾಲ್ಕು ವರ್ಷ ನನ್ನನ್ನು ಸುಟ್ಟ ಆ ಹೆಂಗಸು, ತಿಳಿದೂ ತಿಳಿದೂ "ಆತು" ಅಂದಿದ್ದಳು. ಅವಳು ಬದುಕಿದ್ದಾಗ ಒಂದು ದಿನವೂ ನಾನು ಅವಳ ಪಕ್ಕದಲ್ಲಿ ಸಮಾಧಾನದಿಂದ ಕುಳಿತಿರಲಿಲ್ಲ.

"ಟಗರು ಸುಧಾರಿಸಿಲ್ಲ ಅಂತ ಗೊತ್ತಿದ್ದೂ, ಆಮ್ಯಾಲನೂ ಆ ನಾತದ ಹಾಲು ದಿನಾ ಯಾಕ ಕುಡದ್ರಿ?"

"ಇಷ್ಟು ಮಂದಿ ನನ್ನ ಸಲವಾಗಿ ಸುಳ್ಳು ಹೇಳಿಗೊಂತ ನಿಂತಿದ್ರಿ," ಎಂದರು. "ನಾ ಒಂದು ಲೋಟ ಹಾಲು ಕುಡೀಬಾರದೇನು?"

ಮಗಳು ಕೆಳಗಿನಿಂದ ಕೂಗಿದಳು. ನಾನು ಕಂಬಳಿಯ ಒಂದು ತುದಿ ಹಿಡಿದೆ, ಅವರು ಇನ್ನೊಂದು ತುದಿ ಹಿಡಿದರು, ಮಡಿಸಿಕೊಂಡು ಕೆಳಗಿಳಿದೆವು.